ಕೆರೆ ಹೂಳಿನ ಭಾರ ಲೋಹಗಳು: ಜ್ವಾಲೆಯ ಎಎಎಸ್ ಕೊಡುವ ಅಂಕಿಯನ್ನು ಎಲ್ಲಿಯವರೆಗೆ ನಂಬಬಹುದು?

ಕೆಸರಿನಂಗಳ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೈಗಾರಿಕಾ ಪ್ರದೇಶವೊಂದರ ಇಳಿಜಾರಿನಲ್ಲಿರುವ ಕೆರೆಯ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ತಾಮ್ರ, ಸತು ಮತ್ತು ನಿಕಲ್ ಎಷ್ಟೆಷ್ಟಿವೆ ಎಂದು ಅಳೆಯುವುದು ನನ್ನ ಸಂಶೋಧನೆಯ ಮೊದಲ ಹಂತ. ನಮ್ಮ ವಿಭಾಗದಲ್ಲಿರುವುದು ಜ್ವಾಲೆಯ ಪರಮಾಣು ಹೀರಿಕೆ ರೋಹಿತಮಾಪಕ (ಎಎಎಸ್) ಮಾತ್ರ; ಜ್ವಾಲೆಗೆ ಊಡಿದ ದ್ರಾವಣದ ಪರಮಾಣುಗಳು ಆಯಾ ಧಾತುವಿನ ದೀಪದ ಬೆಳಕನ್ನು ಎಷ್ಟು ಹೀರುತ್ತವೆ ಎಂದು ಅದು ಅಳೆಯುತ್ತದೆ. ಇನ್ನೂ ಕಡಿಮೆ ಪ್ರಮಾಣವನ್ನು ಅಳೆಯಬಲ್ಲ ಗ್ರಾಫೈಟ್ ಕುಲುಮೆಯಾಗಲಿ ಐಸಿಪಿ (ಪ್ಲಾಸ್ಮಾ) ಉಪಕರಣವಾಗಲಿ ಇಲ್ಲ. ಹೂಳನ್ನು ಒಣಗಿಸಿ, 63 ಮೈಕ್ರಾನ್ ಜರಡಿಯಲ್ಲಿ ಜಾಲಿಸಿ, 1 ಗ್ರಾಂ ತೂಗಿ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ (ಇಪಿಎ) 3050ಬಿ ವಿಧಾನದಂತೆ ನೈಟ್ರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರೋಕ್ಲೋರಿಕ್ ಆಮ್ಲಗಳಲ್ಲಿ ಕಾಯಿಸಿ, ಸೋಸಿ 100 ಮಿ.ಲೀ.ಗೆ ಏರಿಸುತ್ತಿದ್ದೇನೆ.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಲೋಹಗಳ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣೀಕೃತ ಹೂಳಿನ ಮಾದರಿಯನ್ನು ಇದೇ ವಿಧಾನದಲ್ಲಿ ಓಡಿಸಿದರೆ ತಾಮ್ರ ಮತ್ತು ಸತು ಪ್ರಮಾಣಪತ್ರದ ಅಂಕಿಗೆ ಹತ್ತಿರ ಬರುತ್ತವೆ, ಆದರೆ ಕ್ರೋಮಿಯಂ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವುದಿಲ್ಲ. ಸೀಸವನ್ನು 217.0 ನ್ಯಾನೋಮೀಟರ್ ತರಂಗಾಂತರದ ಗೆರೆಯಲ್ಲಿ ಓದಿದರೆ 283.3ರಲ್ಲಿ ಓದಿದ್ದಕ್ಕಿಂತ ಪ್ರತಿ ಸಲವೂ ಹೆಚ್ಚು ಕಾಣಿಸುತ್ತದೆ. ಕ್ಯಾಡ್ಮಿಯಂ ಅಂತೂ ಬ್ಲ್ಯಾಂಕಿನಿಂದ (ಹೂಳು ಹಾಕದ ಬರೀ ಆಮ್ಲದ ಓದಿನಿಂದ) ಮೇಲೇಳುವುದೇ ಇಲ್ಲ. ಇದರ ನಡುವೆ ಊರಿನ ರೈತರು, ಹೂಳೆತ್ತುವ ಕೆಲಸ ಶುರುವಾದರೆ ಆ ಗೋಡನ್ನು ಹೊಲಕ್ಕೆ ಹೊಡೆಸಬಹುದೇ ಎಂದು ಕೇಳುತ್ತಿದ್ದಾರೆ. ಅರೆಬರೆ ಅಂಕಿಯನ್ನು ಅವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಹಾಲೋಕ್ಯಾಥೋಡ್

ಮೊದಲು ಕ್ರೋಮಿಯಂ. ನಷ್ಟ ಎಲ್ಲಿ ಆಗುತ್ತಿದೆ ಎಂದು ಗೊತ್ತುಮಾಡಿಕೊಳ್ಳುವವರೆಗೆ ವಿಧಾನದಲ್ಲಿ ಏನನ್ನೂ ಬದಲಿಸಬೇಡಿ. ಅದು ಬೀಕರಿನಲ್ಲಿ ಆಗಿರಬಹುದು, ಇಲ್ಲವೇ ಜ್ವಾಲೆಯಲ್ಲಿ ಆಗಿರಬಹುದು; ಎರಡಕ್ಕೂ ಮದ್ದು ಬೇರೆ ಬೇರೆ.

ಗೊತ್ತುಮಾಡಿಕೊಳ್ಳುವ ಬಗೆ ಹೀಗೆ. ಕಾಯಿಸಿ ಸೋಸಿದ ದ್ರಾವಣದಿಂದ ಎರಡು ಸಮ ಪಾಲು ತೆಗೆಯಿರಿ. ಒಂದಕ್ಕೆ ಕ್ರೋಮಿಯಂ ಗಾಢ ದ್ರಾವಣವನ್ನು ಮೈಕ್ರೋಪಿಪೆಟ್ಟಿನಿಂದ ಅತಿ ಕಡಿಮೆ ಗಾತ್ರದಲ್ಲಿ, ಓದುವಿಕೆ ಸುಮಾರು ಎರಡು ಪಟ್ಟಾಗುವಷ್ಟು ಸೇರಿಸಿ, ಇನ್ನೊಂದಕ್ಕೆ ಅಷ್ಟೇ ಗಾತ್ರದ ಆಮ್ಲವನ್ನು ಸೇರಿಸಿ. ಸೇರಿಸಿದಷ್ಟೂ ಓದಿನಲ್ಲಿ ಮರಳಿ ಬಂದರೆ ಜ್ವಾಲೆಯ ತಪ್ಪಲ್ಲ, ಹೂಳಿನೊಳಗಿನ ಕ್ರೋಮಿಯಂ ಆಮ್ಲಕ್ಕೆ ಇಳಿದೇ ಇಲ್ಲ. ಮರಳಿ ಬರದಿದ್ದರೆ ದ್ರಾವಣದಲ್ಲಿರುವ ಬೇರೆ ಧಾತುಗಳು ಕ್ರೋಮಿಯಂನ ಓದನ್ನು ತಗ್ಗಿಸುತ್ತಿವೆ. ಸೇರಿಸುವ ದ್ರಾವಣ ಮೂರು ವೇಲೆನ್ಸಿಯ ಕ್ರೋಮಿಯಂ ಲವಣದ್ದಾಗಿರಲಿ. ಆರು ವೇಲೆನ್ಸಿಯ ಡೈಕ್ರೋಮೇಟಿನಿಂದ ಮಾಡಿದ ಸ್ಟ್ಯಾಂಡರ್ಡ್‌ಗಳು (ಹೋಲಿಕೆಗಿಡುವ, ಪ್ರಮಾಣ ಗೊತ್ತಿರುವ ದ್ರಾವಣಗಳು) ಎಷ್ಟೋ ಪ್ರಯೋಗಾಲಯಗಳಲ್ಲಿ ಇನ್ನೂ ಬಳಕೆಯಲ್ಲಿವೆ. ಗಾಳಿ-ಅಸಿಟಿಲೀನ್ ಜ್ವಾಲೆಯಲ್ಲಿ ಕ್ರೋಮಿಯಂನ ಎರಡು ವೇಲೆನ್ಸಿಗಳೂ ಒಂದೇ ಬಗೆಯಾಗಿ ಓದಿಸುವುದಿಲ್ಲ, ಹೀಗಾಗಿ ಸ್ಟ್ಯಾಂಡರ್ಡ್ ಒಂದು ರೂಪದಲ್ಲಿದ್ದು ಮಾದರಿ ಇನ್ನೊಂದು ರೂಪದಲ್ಲಿದ್ದರೆ ಲೆಕ್ಕ ತಪ್ಪುತ್ತದೆ.

ಕಬ್ಬಿಣವನ್ನಂತೂ ಮರೆಯಬಾರದು. ಹೂಳಿನಲ್ಲಿ ಶೇ. 4 ಅಥವಾ 5ರಷ್ಟು ಕಬ್ಬಿಣವಿರುವುದು ಸಾಮಾನ್ಯ. 1 ಗ್ರಾಂ ಹೂಳು 100 ಮಿ.ಲೀ.ನಲ್ಲಿದ್ದು ಕಬ್ಬಿಣವೆಲ್ಲ ಕರಗಿದ್ದರೆ ನೀವು ಬರ್ನರಿಗೆ ಊಡುತ್ತಿರುವ ದ್ರಾವಣದಲ್ಲಿ ಲೀಟರಿಗೆ 400ರಿಂದ 500 ಮಿ.ಗ್ರಾಂ ಕಬ್ಬಿಣವಿದೆ ಎಂದಾಯಿತು. ಗಾಳಿ-ಅಸಿಟಿಲೀನ್ ಜ್ವಾಲೆ ಸುಮಾರು 2,300 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಶಾಖದಲ್ಲಿ ಕಬ್ಬಿಣದ ಜೊತೆಗೂಡಿದ ಕ್ರೋಮಿಯಂ ಪೂರ್ತಿಯಾಗಿ ಬಿಡಿ ಪರಮಾಣುಗಳಾಗುವುದಿಲ್ಲ. ಮಾದರಿಗೂ ಸ್ಟ್ಯಾಂಡರ್ಡ್‌ಗಳಿಗೂ ಶೇ. 2ರಷ್ಟು ಅಮೋನಿಯಂ ಕ್ಲೋರೈಡ್ ಸೇರಿಸುವುದು ಹಳೆಯ, ಇಂದಿಗೂ ಕೆಲಸಕ್ಕೆ ಬರುವ ಉಪಾಯ. ನೈಟ್ರಸ್ ಆಕ್ಸೈಡ್-ಅಸಿಟಿಲೀನ್ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು, ಆ ಜ್ವಾಲೆ 2,900 ಡಿಗ್ರಿಯ ಹತ್ತಿರ ಹೋಗುವುದರಿಂದ ಈ ತೊಡಕು ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದರೆ ಅದಕ್ಕೆ 5 ಸೆಂ.ಮೀ. ಸೀಳಿನ ಬರ್ನರೇ ಬೇಕು. 10 ಸೆಂ.ಮೀ. ಬರ್ನರಿಗೆ ಯಾವ ಕಾರಣಕ್ಕೂ ನೈಟ್ರಸ್ ಆಕ್ಸೈಡ್ ಬಿಡಬಾರದು, ಜ್ವಾಲೆ ಹಿಂದಕ್ಕೆ ನುಗ್ಗಿ ಮಿಶ್ರಣಕೋಶವೇ ಸಿಡಿಯುತ್ತದೆ.

ಕೆಸರಿನಂಗಳ

ತಾವು ಹೇಳಿದಂತೆಯೇ ಮಾಡಿ ನೋಡಿದೆ, ಸರ್. ಅಮೋನಿಯಂ ಕ್ಲೋರೈಡ್ ಹಾಕಿದ ಮೇಲೆ ಸೇರಿಸಿದ ಕ್ರೋಮಿಯಂ ಬಹುತೇಕ ಪೂರ್ತಿಯಾಗಿ ಮರಳಿ ಬಂತು, ಆದರೆ ಪ್ರಮಾಣೀಕೃತ ಮಾದರಿಯ ಕ್ರೋಮಿಯಂ ಕೊಂಚ ಏರಿತೇ ಹೊರತು ಪ್ರಮಾಣಪತ್ರದ ಅಂಕಿಯನ್ನು ಮುಟ್ಟಲಿಲ್ಲ. ಹಾಗಾದರೆ ಬೀಕರಿನಲ್ಲೇ ನಷ್ಟ ಎಂದಾಯಿತಲ್ಲವೇ? ನೈಟ್ರಿಕ್ ಜೊತೆ ಪರ್‌ಕ್ಲೋರಿಕ್ ಆಮ್ಲ ಹಾಕಿ ಕಾಯಿಸಿದರೆ ಎಲ್ಲವೂ ಇಳಿಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕೆಲವರು ಹೇಳುತ್ತಿದ್ದಾರೆ.

ಹಾಲೋಕ್ಯಾಥೋಡ್

ದಯವಿಟ್ಟು ಅದಕ್ಕೆ ಕೈಹಾಕಬೇಡಿ. ಚರಂಡಿ ನೀರು ಸೇರುವ ಕೆರೆಯ ಕಪ್ಪು ಹೂಳಿನಲ್ಲಿ ಸಾವಯವ ಪದಾರ್ಥ ಹೇರಳವಾಗಿರುತ್ತದೆ. ಅದನ್ನು ನೈಟ್ರಿಕ್ ಆಮ್ಲದಲ್ಲಿ ಮೊದಲು ಪೂರ್ತಿ ಸುಡದೆ ಬಿಸಿ ಪರ್‌ಕ್ಲೋರಿಕ್ ಸೇರಿಸಿದರೆ ಸ್ಫೋಟವಾಗುತ್ತದೆ. ಅದರ ಆವಿಯನ್ನು ತೊಳೆಯುವ ವ್ಯವಸ್ಥೆಯಿರುವ ಪ್ರತ್ಯೇಕ ಫ್ಯೂಮ್ ಹುಡ್ ಇಲ್ಲದ ಕಡೆ ಆ ಆಮ್ಲದ ಬಾಟಲಿಯನ್ನು ತೆರೆಯಲೇಬಾರದು. ಅಷ್ಟೆಲ್ಲ ಅಪಾಯ ಎದುರು ಹಾಕಿಕೊಂಡರೂ ಕ್ರೋಮಿಯಂ ಪೂರ್ತಿ ಇಳಿಯುವುದಿಲ್ಲ, ಏಕೆಂದರೆ ಪರ್‌ಕ್ಲೋರಿಕ್ ಸಿಲಿಕೇಟ್ ಖನಿಜವನ್ನು ಒಡೆಯುವುದಿಲ್ಲ. ಸಿಲಿಕೇಟನ್ನು ಒಡೆಯುವುದು ಹೈಡ್ರೋಫ್ಲೋರಿಕ್ ಆಮ್ಲ. ಅದು ಚರ್ಮದೊಳಕ್ಕೆ ಇಳಿದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಹಾಕುವ ವಿಷ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಂತೆ ಇರುವ, ತರಬೇತಿಯಾದವರು ಜೊತೆಗಿರುವ, ಮೈಕ್ರೋವೇವ್ ಮುಚ್ಚುಪಾತ್ರೆಗಳಿರುವ ಪ್ರಯೋಗಾಲಯದಲ್ಲಿ ಮಾತ್ರ ಅದನ್ನು ಬಳಸಬೇಕು.

ಇಷ್ಟಕ್ಕೂ ನಿಮ್ಮ ವಿಧಾನದಲ್ಲಿ ದೋಷವೇನೂ ಇಲ್ಲ. 3050ಬಿ ಎಂಬುದು ಹೂಳನ್ನು ಪೂರ್ತಿ ಕರಗಿಸುವ ವಿಧಾನವೇ ಅಲ್ಲ, ಆ ದಾಖಲೆಯಲ್ಲೇ ಹಾಗೆಂದು ಬರೆದಿದೆ. ಪರಿಸರದಲ್ಲಿ ಕಾಲಾನಂತರದಲ್ಲಿ ಬಿಡುಗಡೆಯಾಗಬಲ್ಲ ಲೋಹ ಅದರಲ್ಲಿ ಇಳಿಯುತ್ತದೆ, ಖನಿಜದ ಹರಳಿನೊಳಗೆ ಬಂಧಿಯಾದದ್ದು ಉಳಿಯುತ್ತದೆ. ತಾಮ್ರ ಮತ್ತು ಸತು ಹೆಚ್ಚಾಗಿ ಜೇಡಿಕಣ, ಆಕ್ಸೈಡ್, ಸಲ್ಫೈಡ್‌ಗಳಿಗೆ ಅಂಟಿಕೊಂಡಿರುವುದರಿಂದ ಅವು ಇಳಿಯುತ್ತವೆ. ಕ್ರೋಮಿಯಂನ ದೊಡ್ಡ ಪಾಲು ಹರಳಿನೊಳಗಿರುತ್ತದೆ. ಪ್ರಮಾಣಪತ್ರದ ಅಂಕಿಯಾದರೋ ಒಟ್ಟು ಪ್ರಮಾಣದ್ದು. ನೀವು ಇಳಿಸಿದ್ದನ್ನು ಒಟ್ಟಿನೊಂದಿಗೆ ಹೋಲಿಸಿ ಕಡಿಮೆ ಬಂತು ಎಂದು ಚಿಂತಿಸುತ್ತಿದ್ದೀರಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಎನ್‌ಐಎಸ್‌ಟಿ ತನ್ನ 2709, 2710, 2711 ಮಣ್ಣಿನ ಮಾದರಿಗಳ ಪ್ರಮಾಣಪತ್ರಗಳಿಗೆ ಆಮ್ಲದಲ್ಲಿ ಇಳಿಯುವ ಪ್ರಮಾಣವನ್ನು ಬೇರೆಯಾಗಿ ಸೇರಿಸಿದ್ದು ಇದೇ ಕಾರಣಕ್ಕೆ. ಅಂತಹ ಮಾದರಿಯನ್ನು ತರಿಸಿಕೊಂಡು ಅದರೊಂದಿಗೆ ಹೋಲಿಸಿ.

ಶಿಲಾಸಾಲು

ಭೂವಿಜ್ಞಾನದ ಕಡೆಯಿಂದ ಒಂದು ಮಾತನ್ನು ಸೇರಿಸುತ್ತೇನೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ ಕ್ರೋಮೈಟ್ ಅದಿರು ಇದೆ, ಬೈರಾಪುರದಲ್ಲಿ ಅದರ ಗಣಿಯೂ ಇದೆ. ಅಂತಹ ಬಂಡೆಗಳ ಮೇಲಿಂದ ಹರಿದ ನೀರು ಸೇರುವ ಕೆರೆಯ ಹೂಳಿನಲ್ಲಿ ಒಂದೇ ಒಂದು ಕಾರ್ಖಾನೆ ಇಲ್ಲದಿದ್ದರೂ ಕ್ರೋಮಿಯಂ ಮತ್ತು ನಿಕಲ್ ಎತ್ತರದಲ್ಲೇ ಇರುತ್ತವೆ. ಅದೂ ಕ್ರೋಮೈಟ್ ಎಂಬುದು ಸ್ಪಿನೆಲ್ ಗುಂಪಿನ ಖನಿಜ. ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣವಾದ ಅಕ್ವಾ ರೀಜಿಯಾಕ್ಕೆ ಅದು ಜಗ್ಗುವುದಿಲ್ಲ, ಹೈಡ್ರೋಫ್ಲೋರಿಕ್ ಆಮ್ಲದಲ್ಲೂ ಪೂರ್ತಿ ಕರಗುವುದಿಲ್ಲ, ಕೊನೆಗೆ ಕ್ಷಾರದೊಂದಿಗೆ ಕರಗಿಸಿ ಬೆಸೆಯಬೇಕಾಗುತ್ತದೆ. ಹಾಗಾಗಿ ಅಲ್ಲಿನ ಕೆರೆಗೆ ಒಂದೇ ವರ್ಷದಲ್ಲಿ ಇಬ್ಬರು ಎರಡು ಬಗೆಯ ಆಮ್ಲ ಬಳಸಿ ಹೋದರೆ ಇಬ್ಬರ ಅಂಕಿಗಳ ನಡುವೆ ಅಜಗಜಾಂತರ ಇರುತ್ತದೆ, ಇಬ್ಬರೂ ಸರಿಯಾಗಿಯೇ ಅಳೆದಿರುತ್ತಾರೆ.

ಬೆಂಗಳೂರಿನ ತಳಬಂಡೆ ಗ್ರಾನೈಟ್ ಮತ್ತು ನೈಸ್ ಶಿಲೆ. ಅದರಲ್ಲಿ ಕ್ರೋಮಿಯಂ, ನಿಕಲ್ ಸಹಜವಾಗಿಯೇ ಕಡಿಮೆ. ಇಲ್ಲಿ ತೊಂದರೆ ತಿರುವುಮುರುವಾಗಿ ಬರುತ್ತದೆ. ಟುರೆಕಿಯನ್ ಮತ್ತು ವೆಡಪೋಲ್ 1961ರಲ್ಲಿ ಕೊಟ್ಟ ಸರಾಸರಿ ಶೇಲ್ ಶಿಲೆಯ ಅಂಕಿಗಳನ್ನು ಎಲ್ಲರೂ ಹಿನ್ನೆಲೆ (ಮಾಲಿನ್ಯಕ್ಕೆ ಮೊದಲಿನ ಸಹಜ ಪ್ರಮಾಣ) ಎಂದು ಹಿಡಿಯುತ್ತಾರೆ: ಕೆ.ಜಿ.ಗೆ ಕ್ರೋಮಿಯಂ 90 ಮಿ.ಗ್ರಾಂ, ನಿಕಲ್ 68, ಸತು 95, ತಾಮ್ರ 45, ಸೀಸ 20, ಕ್ಯಾಡ್ಮಿಯಂ 0.3. ಮಾಲಿನ್ಯದ ಮಟ್ಟ ತೋರಿಸುವ ಮ್ಯುಲರ್ ಅವರ ಭೂಸಂಚಯ ಸೂಚಿಯಲ್ಲಿ ಅಳತೆಯ ಅಂಕಿಯನ್ನು ಹಿನ್ನೆಲೆಯ ಒಂದೂವರೆ ಪಟ್ಟಿನಿಂದ ಭಾಗಿಸಿ 2ರ ಲಾಗರಿದಮ್ ತೆಗೆಯುತ್ತೇವಲ್ಲ, ಅದನ್ನು ಒಂದು ಉದಾಹರಣೆಯಿಂದ ನೋಡಿ. ಹೂಳಿನಲ್ಲಿ 135 ಕ್ರೋಮಿಯಂ ಇದೆಯೆಂದುಕೊಳ್ಳೋಣ. ಹಿನ್ನೆಲೆ 90 ಎಂದರೆ ಸೂಚಿ ಸೊನ್ನೆ, ಅಂದರೆ ಮಾಲಿನ್ಯವಿಲ್ಲ. ಆ ಊರಿನ ಬಂಡೆಯ ನಿಜವಾದ ಹಿನ್ನೆಲೆ 40 ಆಗಿದ್ದರೆ ಸೂಚಿ 1.2ರ ಹತ್ತಿರ ಬಂದು ಮಧ್ಯಮ ಮಾಲಿನ್ಯದ ವರ್ಗಕ್ಕೆ ಸೇರುತ್ತದೆ. ಅದರ ಮೇಲೆ ಶೇಲ್ ಅಂಕಿಗಳು ಒಟ್ಟು ಪ್ರಮಾಣದವು, ನಿಮ್ಮದು ಆಮ್ಲದಲ್ಲಿ ಇಳಿದದ್ದು. ಎರಡನ್ನೂ ಒಂದೇ ಭಿನ್ನರಾಶಿಯಲ್ಲಿ ಕೂರಿಸಿದರೆ ಮಾಲಿನ್ಯ ಇನ್ನಷ್ಟು ಕಡಿಮೆ ಕಾಣಿಸುತ್ತದೆ. ಅದೇ ಬಂಡೆಯ ಮೇಲಿರುವ, ಕೈಗಾರಿಕೆಯ ನೀರು ಸೇರದ ಇನ್ನೊಂದು ಕೆರೆಯ ಹೂಳನ್ನು, ಅಥವಾ ನಿಮ್ಮ ಕೆರೆಯದೇ ಆಳದ ಪದರವನ್ನು, ಇದೇ ಆಮ್ಲದಲ್ಲಿ ಕಾಯಿಸಿ ಅದನ್ನೇ ಹಿನ್ನೆಲೆಯಾಗಿ ಹಿಡಿಯಿರಿ ಎಂಬುದು ನನ್ನ ಒತ್ತಾಯದ ಸಲಹೆ.

ಹಾಲೋಕ್ಯಾಥೋಡ್

ಶಿಲಾಸಾಲು ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಈಗ ಸೀಸ.

217.0 ಗೆರೆ 283.3ಕ್ಕಿಂತ ಹೆಚ್ಚು ಸೂಕ್ಷ್ಮ, ಅದಕ್ಕೇ ಜನ ಅದರತ್ತ ವಾಲುತ್ತಾರೆ. ಆದರೆ ತರಂಗಾಂತರ ಚಿಕ್ಕದಾದಷ್ಟೂ ಜ್ವಾಲೆಯಲ್ಲಿನ ಕಣಗಳು ಬೆಳಕನ್ನು ಚದುರಿಸುವುದು ಹೆಚ್ಚು, ಜ್ವಾಲೆಯ ಅನಿಲಗಳೂ ಅಲ್ಲಿ ಹೆಚ್ಚು ಬೆಳಕು ನುಂಗುತ್ತವೆ. ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಕಬ್ಬಿಣ ತುಂಬಿದ ಹೂಳಿನ ದ್ರಾವಣದಲ್ಲಿ ಈ ಹುಸಿ ಹೀರಿಕೆಯೇ ಸೀಸದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಅಲನ್ ವಾಲ್ಷ್ 1955ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ಅದರ ದೊಡ್ಡ ಬಲವಾಗಿ ಕಂಡದ್ದು ದೀಪದ ಗೆರೆ ಅತಿ ಕಿರಿದಾಗಿದ್ದು ಆ ಧಾತುವನ್ನು ಮಾತ್ರ ಹುಡುಕುತ್ತದೆ ಎಂಬುದು. ಅದು ನಿಜವೇ, ಆದರೆ ಕಣಗಳಿಂದ ಚದುರಿದ ಬೆಳಕಿಗೂ ಸೀಸ ನುಂಗಿದ ಬೆಳಕಿಗೂ ಇರುವ ವ್ಯತ್ಯಾಸ ಡಿಟೆಕ್ಟರಿಗೆ ತಿಳಿಯುವುದಿಲ್ಲ. ಅದಕ್ಕಾಗಿಯೇ, ಹುಸಿ ಹೀರಿಕೆಯನ್ನು ಇನ್ನೊಂದು ದೀಪದಿಂದ ಅಳೆದು ಕಳೆಯುವ ಡ್ಯೂಟೀರಿಯಂ ದೀಪದ ಹಿನ್ನೆಲೆ ತಿದ್ದುಪಡಿ ಇರುವುದು.

ನಿಮ್ಮ ಉಪಕರಣದಲ್ಲಿ ಆ ದೀಪ ಉರಿಯುತ್ತಿದೆಯೇ ಎಂದು ನೋಡಿದರೆ ಸಾಲದು. ಹಾಲೋ ಕ್ಯಾಥೋಡ್ ದೀಪದ (ಧಾತುವಿನ ಗೆರೆ ಕೊಡುವ ಮುಖ್ಯ ದೀಪದ) ಬೆಳಕೂ ಅದರ ಬೆಳಕೂ ಜ್ವಾಲೆಯ ಒಂದೇ ಭಾಗದ ಮೂಲಕ ಹಾಯುತ್ತಿವೆಯೇ, ಎರಡರ ಶಕ್ತಿಯೂ ಸರಿಸಮವಾಗಿದೆಯೇ ಎಂಬುದು ಮುಖ್ಯ. ಬರ್ನರಿನ ಮೇಲೆ ಬಿಳಿ ಕಾರ್ಡೊಂದನ್ನು ಹಿಡಿದರೆ ಎರಡೂ ದೀಪಗಳ ಮಚ್ಚೆಗಳು ಒಂದರ ಮೇಲೊಂದು ಕೂರಬೇಕು. ಒಂದು ಕೂದಲೆಳೆ ಪಕ್ಕಕ್ಕೆ ಸರಿದಿದ್ದರೂ ತಿದ್ದುಪಡಿ ಸುಳ್ಳಾಗುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ. ಸೀಸದ ದೀಪದಲ್ಲಿಯೇ 280.2 ನ್ಯಾನೋಮೀಟರಿನಲ್ಲಿ ಒಂದು ಗೆರೆ ಇದೆ, ಅದನ್ನು ಜ್ವಾಲೆಯಲ್ಲಿರುವ ಸೀಸದ ಪರಮಾಣುಗಳು ಹೀರುವುದಿಲ್ಲ. ತಿದ್ದುಪಡಿಯನ್ನು ಬಂದ್ ಮಾಡಿ, ನಿಮ್ಮ ಹೂಳಿನ ದ್ರಾವಣವನ್ನು ಆ ಗೆರೆಯಲ್ಲಿ ಓದಿ. ಅಲ್ಲಿ ಏನಾದರೂ ಹೀರಿಕೆ ಕಂಡರೆ ಅದು ಸೀಸದ್ದಲ್ಲ, ಅಷ್ಟೂ 283.3ರ ಓದಿನಲ್ಲಿ ಹುಸಿಯಾಗಿ ಸೇರುತ್ತದೆ.

ಇಲ್ಲಿ ಹಲವರು ಸ್ಟ್ಯಾಂಡರ್ಡ್ ಅಡಿಷನ್ (ಮಾದರಿಗೇ ಗೊತ್ತಿರುವ ಪ್ರಮಾಣಗಳನ್ನು ಹಂತಹಂತವಾಗಿ ಸೇರಿಸಿ ಓದಿ, ರೇಖೆ ಎಳೆದು ಲೆಕ್ಕ ಹಾಕುವುದು) ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿರುತ್ತಾರೆ. ಆ ವಿಧಾನ ಸರಿಪಡಿಸುವುದು ರೇಖೆಯ ಇಳಿಜಾರನ್ನು ಮಾತ್ರ. ದ್ರಾವಣ ಮಂದವಾಗಿ, ಅದನ್ನು ತುಂತುರು ಮಾಡುವ ನೆಬ್ಯುಲೈಜರು ಕಡಿಮೆ ಎಳೆದಾಗ, ಕಬ್ಬಿಣವು ಕ್ರೋಮಿಯಂ ಅನ್ನು ತಗ್ಗಿಸಿದಾಗ ಅದು ಸಹಾಯಕ್ಕೆ ಬರುತ್ತದೆ. ಹುಸಿ ಹೀರಿಕೆ ಎಲ್ಲ ಬಿಂದುಗಳಿಗೂ ಒಂದೇ ಸಮನಾಗಿ ಕೂಡಿಕೊಂಡು ಇಡೀ ರೇಖೆಯನ್ನೇ ಮೇಲಕ್ಕೆತ್ತುವುದರಿಂದ ಅದನ್ನು ಅಡಿಷನ್ ಎಷ್ಟು ಸಲ ಮಾಡಿದರೂ ಹಿಡಿಯಲಾಗದು.

ಕೆಸರಿನಂಗಳ

280.2ರಲ್ಲಿ ಓದಿದೆ ಸರ್, ಹೀರಿಕೆ ಸ್ಪಷ್ಟವಾಗಿಯೇ ಇದೆ. ಡ್ಯೂಟೀರಿಯಂ ದೀಪ ಹಳೆಯದಾಗಿ ಶಕ್ತಿ ಕುಂದಿದೆಯೆಂದು ಉಪಕರಣ ನೋಡಿಕೊಳ್ಳುವವರು ಒಪ್ಪಿಕೊಂಡಿದ್ದಾರೆ, ಹೊಸದಕ್ಕೆ ಬೇಡಿಕೆ ಹೋಗಿದೆ. ಅಲ್ಲಿಯವರೆಗೆ ಸೀಸದ ಯಾವ ಅಂಕಿಯನ್ನೂ ಬರೆದಿಡುವುದಿಲ್ಲ. ಕ್ಯಾಡ್ಮಿಯಂ ವಿಚಾರಕ್ಕೆ ಹೆಚ್ಚು ಹೂಳು ತೂಗಿದರೆ ಆದೀತೇ?

ಹಾಲೋಕ್ಯಾಥೋಡ್

ಸ್ವಲ್ಪಮಟ್ಟಿಗೆ ಆದೀತು, ಆದರೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಶೇಲ್ ಸರಾಸರಿಯಂತೆ ಕೆ.ಜಿ.ಗೆ 0.3 ಮಿ.ಗ್ರಾಂ ಕ್ಯಾಡ್ಮಿಯಂ ಇರುವ ಹೂಳಿನ 1 ಗ್ರಾಂ, 100 ಮಿ.ಲೀ.ಗೆ ಹೋದರೆ ಲೀಟರಿಗೆ 0.003 ಮಿ.ಗ್ರಾಂ ಆಗುತ್ತದೆ. 228.8 ಗೆರೆಯಲ್ಲಿ 0.0044 ಅಬ್ಸಾರ್ಬೆನ್ಸ್ (ಶೇ. 1ರಷ್ಟು ಬೆಳಕಿನ ಹೀರಿಕೆ) ಬರಬೇಕಾದರೆ ಲೀಟರಿಗೆ ಸುಮಾರು 0.01ರಿಂದ 0.025 ಮಿ.ಗ್ರಾಂ ಬೇಕು. ಅಂದರೆ ನಿಮ್ಮ ಸಂಕೇತ 0.001ರ ಆಸುಪಾಸು, ಜ್ವಾಲೆಯ ನಡುಕವೇ ಅಷ್ಟಿರುತ್ತದೆ. 2 ಗ್ರಾಂ ತೂಗಿ 25 ಮಿ.ಲೀ.ಗೆ ಏರಿಸಿದರೆ ಎಂಟು ಪಟ್ಟು ಹೆಚ್ಚುತ್ತದೆ ನಿಜ, ಆದರೆ ಕಬ್ಬಿಣ, ಕ್ಯಾಲ್ಸಿಯಂಗಳೂ ಎಂಟು ಪಟ್ಟಾಗಿ ಹುಸಿ ಹೀರಿಕೆ ಏರುತ್ತದೆ, ಬರ್ನರಿನ ಸೀಳಿಗೆ ಲವಣ ಕಟ್ಟುತ್ತದೆ.

ಅದಕ್ಕಿಂತ, ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಮೊದಲು ತೀರ್ಮಾನಿಸಿ. ಸಿಹಿನೀರಿನ ಹೂಳಿಗೆ 2000ದಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತಿತರರು ಒಟ್ಟುಗೂಡಿಸಿದ ಮಟ್ಟಗಳ ಪ್ರಕಾರ ಕ್ಯಾಡ್ಮಿಯಂ ಕೆ.ಜಿ.ಗೆ 0.99 ಮಿ.ಗ್ರಾಂಗಿಂತ ಕೆಳಗಿದ್ದರೆ ಜಲಜೀವಿಗಳಿಗೆ ಹಾನಿ ಅಪರೂಪ, 4.98 ದಾಟಿದರೆ ಹಾನಿ ಸಂಭವನೀಯ. ಮೇಲಿನ ಮಟ್ಟ ನಿಮ್ಮ ದ್ರಾವಣದಲ್ಲಿ ಲೀಟರಿಗೆ 0.05 ಮಿ.ಗ್ರಾಂ ಆಗುತ್ತದೆ, ಅದನ್ನು ಜ್ವಾಲೆ ನೆಮ್ಮದಿಯಿಂದ ಓದುತ್ತದೆ. ಕೆಳಗಿನ ಮಟ್ಟ 0.01 ಆಗುತ್ತದೆ, ಅಲ್ಲಿ ನಿಮ್ಮ ಅಂಕಿಗೆ ಅಷ್ಟಾಗಿ ಬೆಲೆ ಇಲ್ಲ. ಹೀಗಾಗಿ 5ರ ಮೇಲಿದೆಯೇ ಎಂಬ ಪ್ರಶ್ನೆಗೆ ನಿಮ್ಮ ಉಪಕರಣ ಉತ್ತರ ಕೊಡಬಲ್ಲದು, 1ರ ಕೆಳಗಿದೆಯೇ ಎಂಬ ಪ್ರಶ್ನೆಗೆ ಕೊಡಲಾರದು. ಅದಕ್ಕೆ ಗ್ರಾಫೈಟ್ ಕುಲುಮೆ ಇರುವ ಕಡೆ ಹೋಗಿ. ವರದಿಯಲ್ಲಿ ಕ್ಯಾಡ್ಮಿಯಂ ಇಲ್ಲ ಎಂದು ಮಾತ್ರ ಬರೆಯಬೇಡಿ, ಇಷ್ಟು ಮಿ.ಗ್ರಾಂಗಿಂತ ಕಡಿಮೆ ಎಂದು ನಿಮ್ಮದೇ ಬ್ಲ್ಯಾಂಕುಗಳ ಏರಿಳಿತದಿಂದ ಲೆಕ್ಕ ಮಾಡಿದ ಮಿತಿಯನ್ನು ಬರೆಯಿರಿ.

ಸತುವಿನ ಬ್ಲ್ಯಾಂಕಿನ ಬಗ್ಗೆ ಒಂದೇ ಮಾತು: ರಬ್ಬರ್ ಬಿರಡೆ, ಪುಡಿ ಹಾಕಿದ ಕೈಗವಸು ಎರಡೂ ಸತು ಬಿಡುತ್ತವೆ, ಗಾಜಿನ ಸಾಮಾನುಗಳನ್ನು ಶೇ. 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ.

ತೂಬುಗಾಲುವೆ

ಇಷ್ಟು ಹೊತ್ತು ಬೀಕರಿನ ಒಳಗಿನ ಚರ್ಚೆ ನಡೆದಿದೆ, ಬೀಕರಿಗೆ ಬರುವ ಮೊದಲಿನ ಮಾತು ಬರಲೇ ಇಲ್ಲ. ಹೂಳನ್ನು ಎಲ್ಲಿಂದ ತೆಗೆದಿರಿ? ರಾಜಕಾಲುವೆ ಕೆರೆಗೆ ಬೀಳುವ ಬಾಯಲ್ಲಿ ಮರಳು, ಗರಸು ನಿಲ್ಲುತ್ತದೆ. ಏರಿಯ ಬುಡದಲ್ಲಿ, ತೂಬಿನ ಸುತ್ತ ನಯವಾದ ಜೇಡಿ ತಂಗುತ್ತದೆ. ಲೋಹ ಅಂಟುವುದು ನಯವಾದ ಕಣಕ್ಕೆ. 63 ಮೈಕ್ರಾನಿನಲ್ಲಿ ಜಾಲಿಸಿದ್ದು ಒಂದು ಜಾಗವನ್ನು ಇನ್ನೊಂದರೊಂದಿಗೆ ಹೋಲಿಸಲು ಒಳ್ಳೆಯದು, ಆದರೆ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋಗುವುದು ಜಾಲಿಸಿದ ಹೂಳಲ್ಲ. ಜರಡಿ ದಾಟಿದ ಪಾಲು ಶೇ. ಎಷ್ಟು ಎಂದು ತೂಗಿ ಬರೆಯದಿದ್ದರೆ ರೈತರಿಗೆ ಕೊಡುವ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಆಳವೂ ಮುಖ್ಯ. ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ ನಿಂತದ್ದು 2000ದಲ್ಲಿ. ಹಳೆಯ ಹೂಳು ಉಳಿದಿರುವ ಕೆರೆಯಾದರೆ ಸೀಸ ಹೆಚ್ಚಿರುವ ಪದರ ಇವತ್ತಿನ ಮೇಲ್ಪದರದ ಕೆಳಗೆ ಹುದುಗಿರಬಹುದು. ಜೆಸಿಬಿ ಎತ್ತುವುದು ಆ ಪದರವನ್ನೂ ಸೇರಿಸಿಯೇ. ಅದರಿಂದ ಕೈಗೆಟುಕಿದ ಮೇಲಿನ ಕೆಸರನ್ನು ಮಾತ್ರ ಗೋರಿ ತರಬೇಡಿ, ಪ್ಲಾಸ್ಟಿಕ್ ಕೊಳವೆ ಇಳಿಸಿ ಪದರ ಪದರವಾಗಿ ಕತ್ತರಿಸಿ ತನ್ನಿ.

ಗೋಡುಗಾಡಿ

ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು ಹೊಡೆಸುವುದು ತಲೆತಲಾಂತರದ ಪದ್ಧತಿ, ಅದರಿಂದ ಹೊಲ ಎದ್ದು ನಿಂತದ್ದನ್ನು ಕಂಡವನು ನಾನು. ಅದಕ್ಕೇ ಈ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಒಂದು ಸಂದೇಹ: ನಗರದ ಕಸದ ಗೊಬ್ಬರಕ್ಕೆ ಸರ್ಕಾರದ ಮಿತಿಗಳಿವೆಯಲ್ಲ, ಹೂಳು ಅದರೊಳಗೆ ಇದ್ದರೆ ಹೊಲಕ್ಕೆ ಹಾಕಬಹುದೆಂದು ಒಬ್ಬರು ಹೇಳಿದರು. ಇನ್ನೊಬ್ಬರು ಕುಡಿಯುವ ನೀರಿನ ಮಿತಿಯನ್ನು ತೋರಿಸಿ ಹೆದರಿಸಿದರು. ಯಾವುದು ಸರಿ?

ಹಾಲೋಕ್ಯಾಥೋಡ್

ಎರಡೂ ಸರಿಯಲ್ಲ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಲೀಟರಿಗೆ 0.01 ಮಿ.ಗ್ರಾಂ ಎಂಬ ಮಿತಿ ಕುಡಿಯುವ ನೀರಿಗೆ ಮಾತ್ರ ಅನ್ವಯಿಸುತ್ತದೆ, ಯಾವ ಶುದ್ಧ ಮಣ್ಣನ್ನೂ ಅದರೊಂದಿಗೆ ಹೋಲಿಸಲಾಗದು. ಕಸದ ಗೊಬ್ಬರದ ಮಿತಿ ಕೆ.ಜಿ.ಗೆ ಸೀಸ 100, ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕಲ್ 50 ಮಿ.ಗ್ರಾಂ. ಶಿಲಾಸಾಲು ಅವರು ಮೇಲೆ ಕೊಟ್ಟ ಶೇಲ್ ಸರಾಸರಿಯನ್ನು ನೋಡಿ, ಕ್ರೋಮಿಯಂ 90, ನಿಕಲ್ 68; ಯಾರೂ ಮುಟ್ಟದ ಮಣ್ಣೇ ಈ ಮಿತಿಯಲ್ಲಿ ಅನುತ್ತೀರ್ಣವಾಗಬಹುದು. ಸೀಸದಲ್ಲಿ ಇದು ತದ್ವಿರುದ್ಧವಾಗುತ್ತದೆ. ಎಕರೆಗೆ 2 ಟನ್ ಗೊಬ್ಬರ ಹಾಕಿದರೆ, ಅದರಲ್ಲಿ ಸೀಸ 100 ಇದ್ದರೂ, ಹೊಲಕ್ಕೆ ಸೇರುವುದು 200 ಗ್ರಾಂ. ಗೋಡನ್ನು ಎಕರೆಗೆ ಬರೀ ಒಂದು ಸೆಂ.ಮೀ. ದಪ್ಪಕ್ಕೆ ಹರಡಿದರೂ ಸುಮಾರು 40 ಘನಮೀಟರ್, ಅಂದರೆ 48 ಟನ್‌ನಷ್ಟಾಗುತ್ತದೆ. ಅದೇ 100 ಮಿ.ಗ್ರಾಂ ಲೆಕ್ಕದಲ್ಲಿ ಹೊಲಕ್ಕೆ ಸುಮಾರು 4.8 ಕೆ.ಜಿ. ಸೀಸ ಹೋಗುತ್ತದೆ. ಸೀಸ ಒಮ್ಮೆ ಹೊಲಕ್ಕೆ ಬಂದರೆ ಮಳೆಗೆ ಕೊಚ್ಚಿಹೋಗುವುದಿಲ್ಲ, ಬೆಳೆಯೂ ಅದನ್ನು ಎತ್ತಿ ಖಾಲಿ ಮಾಡುವುದಿಲ್ಲ.

ಶಿಲಾಸಾಲು

ಇದಕ್ಕೆ ಇನ್ನೊಂದು ಅಂಶ ಸೇರಬೇಕು. ಚರಂಡಿ ನೀರಿನ ಕೆರೆಯ ತಳದಲ್ಲಿ ಆಮ್ಲಜನಕ ಇರುವುದಿಲ್ಲ, ಕಪ್ಪು ಬಣ್ಣ, ಕೊಳೆತ ಮೊಟ್ಟೆಯ ವಾಸನೆ ಎಲ್ಲ ಸಲ್ಫೈಡಿನದು. ಕ್ಯಾಡ್ಮಿಯಂ, ಸತು, ತಾಮ್ರ ಅಲ್ಲಿ ಸಲ್ಫೈಡಾಗಿ ಹಿಡಿದಿಟ್ಟುಕೊಂಡು ಸುಮ್ಮನಿರುತ್ತವೆ. ಅದೇ ಹೂಳನ್ನು ಹೊಲದಲ್ಲಿ ಹರಡಿ ಬಿಸಿಲಿಗೆ ಒಣಗಿಸಿದರೆ ಸಲ್ಫೈಡ್ ಸಲ್ಫೇಟಾಗುತ್ತದೆ, ಮಣ್ಣು ಕೊಂಚ ಹುಳಿಯಾಗುತ್ತದೆ, ಲೋಹ ಸಡಿಲಗೊಂಡು ಬೇರಿಗೆ ಸಿಗುವಂತಾಗುತ್ತದೆ. ಆದ್ದರಿಂದ ಒಟ್ಟು ಎಷ್ಟಿದೆ ಎಂಬುದರ ಜೊತೆಗೆ ಎಷ್ಟು ಸಡಿಲವಾಗಿದೆ ಎಂಬುದನ್ನೂ ಅಳೆಯಬೇಕು. ಸಡಿಲವಾದದ್ದರಿಂದ ಬಿಗಿಯಾದದ್ದರವರೆಗೆ ಲೋಹವನ್ನು ಹಂತಹಂತವಾಗಿ ಇಳಿಸುವ, ಟೆಸಿಯರ್ ಮತ್ತಿತರರು 1979ರಲ್ಲಿ ಕೊಟ್ಟ ಐದು ಹಂತದ ಕ್ರಮವೂ, ಯುರೋಪಿನ ಬಿಸಿಆರ್ ಕ್ರಮವೂ ಇದಕ್ಕಾಗಿಯೇ ಇವೆ. ಹಸಿ ಹೂಳಿನಲ್ಲಿ ಒಮ್ಮೆ, ಗಾಳಿಗೆ ಒಣಗಿಸಿದ ಹೂಳಿನಲ್ಲಿ ಒಮ್ಮೆ ಮೊದಲ ಹಂತವನ್ನಾದರೂ ಮಾಡಿ ನೋಡಿ. ಸತು ಮತ್ತು ತಾಮ್ರಕ್ಕೆ ನಿಮ್ಮ ಜ್ವಾಲೆಯೇ ಸಾಕು.

ಕೆಸರಿನಂಗಳ

ಎಲ್ಲರಿಗೂ ಋಣಿಯಾಗಿದ್ದೇನೆ. ಏರಿಯ ಬುಡ, ತೂಬು, ಕೋಡಿ ಮತ್ತು ಕಾಲುವೆಯ ಬಾಯಿಗಳಲ್ಲಿ ಕೊಳವೆ ಇಳಿಸಿ ಪದರಗಳನ್ನು ತೆಗೆಯುತ್ತೇನೆ, ಜಾಲಿಸಿದ್ದನ್ನೂ ಜಾಲಿಸದ್ದನ್ನೂ ಎರಡು ಕಾಲಂಗಳಲ್ಲಿ ಕೊಡುತ್ತೇನೆ. ಕ್ಯಾಡ್ಮಿಯಂ ಅನ್ನು ಗ್ರಾಫೈಟ್ ಕುಲುಮೆ ಇರುವ ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಲು ಮಾರ್ಗದರ್ಶಕರು ಒಪ್ಪಿದ್ದಾರೆ. ಪಾದರಸ ಮತ್ತು ಆರ್ಸೆನಿಕ್ ಜ್ವಾಲೆಗೆ ದಕ್ಕುವುದಿಲ್ಲವಾದ್ದರಿಂದ ಅವುಗಳ ಪ್ರಸ್ತಾಪವನ್ನೇ ಪ್ರಬಂಧದಿಂದ ಕೈಬಿಟ್ಟಿದ್ದೇನೆ. ರೈತರಿಗೆ ಸದ್ಯಕ್ಕೆ ಈ ಕೆರೆಯ ಗೋಡನ್ನು ಸೊಪ್ಪು, ತರಕಾರಿ ಬೆಳೆಯುವ ಹೊಲಕ್ಕೆ ಹೊಡೆಸಬೇಡಿ, ಸೀಸದ ಓದು ಸರಿಯಾಗುವವರೆಗೆ ಕಾಯಿರಿ ಎಂದು ಹೇಳಿದ್ದೇನೆ.

ಹಾಲೋಕ್ಯಾಥೋಡ್

ಸರಿಯಾದದ್ದನ್ನೇ ಹೇಳಿದ್ದೀರಿ. ಪಾದರಸವನ್ನು ಮಾತ್ರ ಪೂರ್ತಿ ಕೈಬಿಡಬೇಡಿ. ಹೂಳಿನ ಒಂದು ಪಾಲನ್ನು ಒಲೆಯಲ್ಲಿ ಒಣಗಿಸದೆ ಹಸಿಯಾಗಿಯೇ ತಣ್ಣಗೆ ಕಾಪಿಟ್ಟರೆ ಮುಂದೆ ಯಾರಾದರೂ, ಪಾದರಸವನ್ನು ಜ್ವಾಲೆಯಿಲ್ಲದೆ ತಣ್ಣನೆಯ ಆವಿಯಾಗಿ ಓದುವ ಕೋಲ್ಡ್ ವೇಪರ್ ವಿಧಾನದಲ್ಲಿ ಅಳೆಯಬಹುದು. ಕೋಷ್ಟಕದ ತಲೆಬರಹದಲ್ಲಿ "ಒಟ್ಟು ಲೋಹ" ಎಂದು ಬರೆಯದೆ "3050ಬಿ ಆಮ್ಲದಲ್ಲಿ ಇಳಿದ ಲೋಹ, ಒಣತೂಕದ ಕೆ.ಜಿ.ಗೆ ಮಿ.ಗ್ರಾಂ" ಎಂದು ಬರೆಯಿರಿ. ಅಸಿಟಿಲೀನ್ ಸಿಲಿಂಡರಿನ ಒತ್ತಡ ಚದರ ಸೆಂ.ಮೀ.ಗೆ 5 ಕೆ.ಜಿ.ಗೆ ಇಳಿಯುವ ಮೊದಲೇ ಅದನ್ನು ಬದಲಿಸಿಕೊಳ್ಳಿ, ಅನಿಲವನ್ನು ಕರಗಿಸಿಟ್ಟಿರುವ ಅಸಿಟೋನ್ ಜ್ವಾಲೆಗೆ ಬಂದರೆ ಆ ದಿನದ ಓದುಗಳೆಲ್ಲ ಅಲುಗಾಡುತ್ತವೆ.